ಮೂರು ಕಾಲಿನ ದೀಪ

ಗಂಡನಿಂದ ಬೇರೆಯಾಗಿ ಧಾರವಾಡದಲ್ಲಿ ಮನೆ ಹಿಡಿದಿದ್ದ ಕಸ್ತೂರಿಯನ್ನು ನೋಡಲು ಬಂದ ನಾದಿನಿ ರೋಹಿಣಿ, ತೆಳ್ಳಗಿನ ಮೂರು ಕಾಲಿನ ಹೊಸ ಡಿಸೈನಿನ ದೀಪವೊಂದನ್ನು ಉಡುಗೊರೆಯಾಗಿ ತಂದಿದ್ದಳು. ಈಗಿನ ಎಲ್ಲ ದೀಪಗಳಂತೆ ಅದೂ ಮನೆಯಲ್ಲಿ ಯಾರ ಮನಸ್ಸು ನೊಂದಿದೆಯೋ ಅವರ ಬಳಿಗೆ ನಡೆದುಹೋಗಿ ಬೆಳಗುತ್ತಿತ್ತು.

“ಇನ್ನ ನಿಮಗ ಜೋಡಿ ಆತು, ವೈನಿ,” ಎಂದು ರೋಹಿಣಿ ಅದನ್ನು ನೆಲಕ್ಕಿಳಿಸಿದಳು.

ದೀಪ ಕಸ್ತೂರಿಯನ್ನು ದಾಟಿ ಹೋಗಿ, ರೋಹಿಣಿಯ ಸೀರೆಯ ನೆರಿಗೆಗೆ ಆತುಕೊಂಡು ಬೆಳಗತೊಡಗಿತು.

“ಹೊಸಾದು, ಅದಕ್ಕಿನ್ನೂ ತಿಳಿಯಂಗಿಲ್ಲ,” ಎಂದು ನಕ್ಕು ಅವಳು ಅದನ್ನೆತ್ತಿ ಕಸ್ತೂರಿಯ ಪಕ್ಕಕ್ಕಿಟ್ಟಳು. ದೀಪ ಮತ್ತೆ ರೋಹಿಣಿಯ ಬಳಿಗೇ ಬಂತು. ಅವಳ ನಗು ನಿಂತಿತು.

“ನೀವು ಹೋದ ಮ್ಯಾಲೆ ಆ ಮನ್ಯಾಗ ನನ್ನ ಜೋಡಿ ಮಾತಾಡೋರು ಯಾರೂ ಇಲ್ರೀ.”

ಕಸ್ತೂರಿ ಅವಳ ಹೆಗಲಿನ ಚೀಲ ಇಳಿಸಿಕೊಂಡಳು.

“ನಾ ಬಿಟ್ಟು ಬಂದಿದ್ದು ನಿಮ್ಮಣ್ಣನ್ನ, ನಿನ್ನಲ್ಲ. ನಾಕ ದಿನ ಇಲ್ಲೇ ಇರು.”