ಕಿಟಕಿಯ ಕೆಳಗಿನ ಕಳ್ಳಿ

“ಇದಕ್ಕಿಂತ ಉದ್ದನ್ನ ಮುಳ್ಳು ಇಲ್ಲೇನು?”

ಬಿಂದುಮಾಧವರಾಯರು ಕೊಡೆಯ ತುದಿಯಿಂದ ಕತ್ತಾಳೆಯನ್ನು ತಿವಿದು ಕೇಳಿದರು. ಪುಣೆಯ ಸ್ವಾರಗೇಟಿನಾಚೆ ಸಸಿ ಮಾರುವ ಗೂಳಪ್ಪ ತಲೆ ಕೆರೆದುಕೊಂಡ.

“ಯಾರಿಗೆ ಚುಚ್ಚಬೇಕಾಗೇದ್ರಿ, ರಾಯರ?”

“ಕಳ್ಳಗ.”

ಕಳ್ಳನ ಹೆಸರು ಅವಧೂತ. ಸದಾಶಿವ ಪೇಠೆಯಲ್ಲಿ ರಾಯರ ಮನೆಯ ಹಿಂದಿನ ಓಣಿಯವನು, ಶಾಲಾ ಮಾಸ್ತರ, ನಲವತ್ತೆರಡರ ಚಳವಳಿಯಲ್ಲಿ ಆರು ತಿಂಗಳು ಜೈಲಿನಲ್ಲಿದ್ದು ಬಂದವನು. ರಾಯರೋ ಸರ್ಕಾರಿ ಕಚೇರಿಯ ಹೆಡ್ ಕ್ಲಾರ್ಕ. ಮಗಳು ನೀರಜಾಳ ಕೋಣೆಯ ಹಿಂದಿನ ಕಿಟಕಿಯಿಂದ, ಕಲ್ಲಿಗೆ ಸುತ್ತಿದ ಅವನ ಕಾಗದವೊಂದು ಒಳಗೆ ಬಂದು ರಾಯರ ಕಾಲ ಬಳಿಯೇ ಬಿದ್ದಿತ್ತು. ಅಂದಿನಿಂದ ಅವರಿಗೆ ಉಂಡ ಅನ್ನ ಮೈಗೆ ಹತ್ತಿಲ್ಲ. ಧಾರವಾಡದ ವಿಧುರ ವಕೀಲರೊಬ್ಬರಿಗೆ ನೀರಜಾಳನ್ನು ಕೊಡುವುದೆಂದು ಮಾತಾಗಿತ್ತು. ಜ್ಯೇಷ್ಠದಲ್ಲಿ ಮದುವೆ. ಅಲ್ಲಿಯವರೆಗೆ ಹುಡುಗಿಯನ್ನು ಕಾಯಬೇಕು.

ಕಿಟಕಿಗೆ ಹಲಗೆ ಬಡಿಸಿದರೆ ಓಣಿಯ ಜನ ಏಕೆಂದು ಕೇಳುತ್ತಾರೆ. ಅದರ ಕೆಳಗೆ ಕಳ್ಳಿ ಹಚ್ಚು ಎಂದವರು ಅಕ್ಕ ರಂಗೂಬಾಯಿ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು ತವರಿಗೆ ಬಂದವರು. ಅವರನ್ನು ಕೊಟ್ಟದ್ದೂ ಎರಡನೇ ಸಂಬಂಧಕ್ಕೇ. “ಗುಡಿಗೆ ತುಳಸಿ ತರೋ ಗೂಳಪ್ಪನ ಕಡೆ ಹೋಗು. ಬೆಳಗಾವಿಯಾಂವ, ನಮ್ಮ ಕಡೆ ಮನಷ್ಯಾ,” ಎಂದಿದ್ದರು. ನಮ್ಮ ಕಡೆಯವನು ಎಂದರೆ ಸಾಕು, ಪುಣೆಯಲ್ಲಿ ರಾಯರು ಮತ್ತೇನನ್ನೂ ವಿಚಾರಿಸುವವರಲ್ಲ.

ಗೂಳಪ್ಪ ಪಾಪಾಸುಕಳ್ಳಿಯ ಕುಂಡವೊಂದನ್ನು ಮುಂದಿಟ್ಟ. “ಇದನ್ನ ಹೊರಗ ಹಚ್ಚರಿ, ಬಿಸಲು ಕುಡಕೊಂಡು ಬೆಳೀತದ. ಆದರ ಬರೇ ಮುಳ್ಳು ತಂದ್ರ ಮನ್ಯಾಗ ಜಗಳ ಆಗ್ತದ ಅಂತಾರ ಹಿರ್ಯಾರು. ಜೋಡಿಗೆ ಇಂಥಾ ಮೆತ್ತಂದು ಒಳಗ ಇಡ್ರಿ.” ದಪ್ಪ ಎಲೆಯ, ಮುಳ್ಳಿಲ್ಲದ ಗಿಡವೊಂದನ್ನು ಪಕ್ಕಕ್ಕೆ ಇಟ್ಟ. “ನೀರು ಮಾತ್ರ ಹಾಕಬ್ಯಾಡ್ರಿ, ಕೊಳೀತದ. ಮುಂದಿನ ವಾರ ಗಿಡಾ ನಿಮ್ಮ ಕುಂಡಕ್ಕ ಹಚಗೊಂಡು, ನನ್ನ ಕುಂಡ ಮಣ್ಣು ಸಹಿತ ವಾಪಸ್ ತಂದುಕೊಡ್ರಿ. ಉಸುಕು ಬೆರಸಿದ ಮಣ್ಣು, ಭಾಳ ತ್ರಾಸಿನ್ದು.”

ಮನೆಯಲ್ಲಿ ರಂಗೂಬಾಯಿ ತಲೆದೂಗಿದರು. “ಖರೇ ಅದ. ಮುಳ್ಳು ಹೊರಗ, ಮೆತ್ತಂದು ಒಳಗ. ನೀರಜಾನ ಕೋಣ್ಯಾಗ ಇಡು.”

ಹೀಗೆ ಪ್ರತಿ ಭಾನುವಾರ ಒಂದು ಜೋಡಿ. ಹಮಾಲನ ಕೈಗೆ ಕೊಟ್ಟರೆ ಅವನ ಕೈಯಲ್ಲೇ ಚೀಟಿ ಬಂದೀತು ಎಂದು ರಾಯರು ಹೋಗುವಾಗ ಹಿಂದಿನ ವಾರದ ಮಣ್ಣಿನ ಕುಂಡಗಳನ್ನೂ ಬರುವಾಗ ಹೊಸ ಜೋಡಿಯನ್ನೂ ತಾವೇ ಹೊತ್ತರು. ಕೋಟಿಗೆ ಮಣ್ಣು ಮೆತ್ತಿತು, ಮೊಣಕೈಗೆ ಮುಳ್ಳು ನಟ್ಟವು. ಹಾಲಿನವನು ಹೊಸ್ತಿಲು ದಾಟುವಂತಿಲ್ಲ. ಟಪಾಲು ನೇರ ಕಚೇರಿಗೆ. ತರಕಾರಿ ಬುಟ್ಟಿಯಲ್ಲಿ ಮೆಂತ್ಯದ ಕಟ್ಟನ್ನೂ ಬಿಚ್ಚಿ ನೋಡುತ್ತಿದ್ದರು. ಒಂದು ಚೂರು ಕಾಗದವೂ ಸಿಗಲಿಲ್ಲ.

ಆದರೂ ಹುಡುಗಿ ಸೊರಗಲಿಲ್ಲ. ಅದೇ ಅವರನ್ನು ತಿನ್ನುತ್ತಿತ್ತು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಇವಳು ಗಿಡದ ಎಲೆ ಒರೆಸುತ್ತ ಹಾಡು ಗುನುಗುತ್ತಾಳೆ.

“ಏನು ನೋಡಿ ನಗಾಕತ್ತೀ?” ಎಂದರು ಒಂದು ಸಂಜೆ.

“ಚಿಗತದ ನೋಡ್ರಿ, ಅಪ್ಪಾ. ನೀವು ತಂದಿದ್ದೆಲ್ಲಾ ಚಿಗೀತದ.”

ಮಗಳು ಗಿಡ ಹಚ್ಚಿಕೊಂಡಳು, ಹುಡುಗನನ್ನು ಮರೆತಳು ಎಂದು ರಾಯರು ತಮಗೆ ತಾವೇ ಹೇಳಿಕೊಂಡರು. ನಂಬಿಕೆ ಮಾತ್ರ ಬರಲಿಲ್ಲ. ದಿನಕ್ಕೆ ನಾಲ್ಕು ಸಲ ಹಿತ್ತಲಿಗೆ ಹೋಗಿ ಕಳ್ಳಿ ಎಣಿಸಿದರು.

ಏಳನೆಯ ಭಾನುವಾರ ಗೂಳಪ್ಪ ಮುಳ್ಳಿನ ಗಿಡ ತೆಗೆಯಲೇ ಇಲ್ಲ. ಮೆತ್ತನೆಯದೊಂದನ್ನೇ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. “ಇದು ನಿಮಗಂತನ ತಗದಿಟ್ಟೇನ್ರಿ. ಇನ್ನ ಮುಳ್ಳು ಸಾಕು.”

ರಾಯರು ಮನೆ ಮುಟ್ಟಿದಾಗ ಮುಂಬಾಗಿಲು ಹಾರು ಹೊಡೆದಿತ್ತು. ರಂಗೂಬಾಯಿ ಪಡಸಾಲೆಯಲ್ಲಿ ಹತ್ತಿ ಬತ್ತಿ ಹೊಸೆಯುತ್ತಿದ್ದರು.

“ನೀರಜಾ ಎಲ್ಲಿ?”

“ಹೋದ್ಲು. ಮುಂದಿನ ಬಾಗಲದಿಂದನ, ನನಗ ನಮಸ್ಕಾರ ಮಾಡಿ. ಅವಧೂತ ಟಾಂಗಾ ತಂದಿದ್ದ.” ಅವರು ಕೈ ನಿಲ್ಲಿಸಲಿಲ್ಲ. “ಎರಡನೇ ಸಂಬಂಧ ಅಂದ್ರೇನಂತ ನನಗ ಗೊತ್ತದ, ಬಿಂದ್ಯಾ.”

ರಾಯರು ಕುಂಡ ಹೊತ್ತೇ ಕೋಣೆಗೆ ಓಡಿದರು. ಕಿಟಕಿಯಾಚೆ ಕಳ್ಳಿ ಸಾಲು ನೆಟ್ಟಗೆ ನಿಂತಿತ್ತು, ಒಂದು ಮುಳ್ಳೂ ಮುರಿದಿರಲಿಲ್ಲ. ಸಿಟ್ಟು ಬರಬೇಕಿತ್ತು, ಬಂದದ್ದು ಅಳು. ಕೈ ಸಡಿಲಿ ಕುಂಡ ನೆಲಕ್ಕೆ ಬಿದ್ದು ಒಡೆಯಿತು. ಒಣ ಉಸುಕಿನ ನಡುವೆ ಮೇಣದ ಬಟ್ಟೆಯ ಸಣ್ಣ ಸುರುಳಿಯೊಂದು ಉರುಳಿತು. ಬಿಚ್ಚಿದರು. ಮಗಳ ದುಂಡನೆಯ ಅಕ್ಷರ.

“ಅಪ್ಪಾ, ಇದನ್ನು ಹೋದ ಭಾನುವಾರ ಗೂಳಪ್ಪನಿಗೆ ಒಯ್ದು ಕೊಟ್ಟವರೂ ನೀವೇ, ಇವತ್ತು ಹೊತ್ತು ತಂದವರೂ ನೀವೇ. ಹಿಂದೆ ನೀವು ತಂದ ಆರೂ ಕಾಗದ ನನಗೆ ಬಂದವು; ಇದೊಂದು ನಿಮಗೆ.”