ಐದೂವರೆಯ ಬಸ್ಸು

“ಹೆಸರು ಸಿಕ್ಕಿತು! ಅಚ್ಚಿಗೆ ಹಾಕಿ!” ಎಂದು ಟಿ.ವಿ.ಯೊಳಗಿನ ವರದಿಗಾರ ಫೋನಿನಲ್ಲಿ ಕೂಗಿದ್ದೇ ತಡ, ಚಾಪೆಯ ಮೇಲೆ ಕೂತಿದ್ದ ಅಲಿಯಬ್ಬ ತೊಡೆ ತಟ್ಟಿ ನಕ್ಕರು.

ಶುಕ್ರವಾರ ಜುಮಾ ಮುಗಿಸಿ, ಊಟ ಮಾಡಿ, ಜಿದ್ದಾದ ಆ ಬಾಡಿಗೆ ಕೋಣೆಯಲ್ಲಿ ಅವರೂ ಮುನವ್ವರನೂ ಟಿ.ವಿ. ಮುಂದೆ ಕೂತಿದ್ದರು. ಇಂಗ್ಲಿಷ್ ಚಾನೆಲ್ಲಿನಲ್ಲಿ ಅಮೆರಿಕದ ಹಳೆಯ ಕಪ್ಪುಬಿಳುಪು ಧಾರಾವಾಹಿ. ಅರವತ್ತು ವರ್ಷಗಳ ಹಿಂದಿನ ಕಾಲ, ಜಾಝ್ ಬ್ಯಾಂಡು, ಕದ್ದು ಮಾರುವ ಹೆಂಡ, ಸುದ್ದಿಯ ಹಿಂದೆ ಓಡುವ ಪತ್ರಕರ್ತರು. ಕುಣಿತ ಶುರುವಾಗುವಲ್ಲೆಲ್ಲ ಸೆನ್ಸಾರಿನ ಕತ್ತರಿ ಬಿದ್ದು ಚಿತ್ರ ಒಮ್ಮೆಲೇ ಮುಂದಕ್ಕೆ ಹಾರುತ್ತಿತ್ತು. ಅಲಿಯಬ್ಬ ಬಂದರಿನ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ವಯಸ್ಸು ಐವತ್ತರ ಹತ್ತಿರ. ಮುನವ್ವರ್ ಭಟ್ಕಳದ ಹುಡುಗ, ಇಪ್ಪತ್ತೈದು ವರ್ಷ, ಅತ್ತರಿನ ಅಂಗಡಿಯಲ್ಲಿ ಸೇಲ್ಸ್‌ಮನ್. ಅವನು ಈ ಕೋಣೆಗೆ ಬಂದು ಎರಡು ತಿಂಗಳಾಗಿತ್ತಷ್ಟೆ.

“ಅವ ಒಮ್ಮೆ ಹೋಗಿ ವಿಚಾರಿಸಬಾರದಾ, ಮನುಷ್ಯ ಇವನೇ ಹೌದಾ ಅಂತ?” ಮುನವ್ವರ್ ಕೇಳಿದ.

“ಪುರುಸೊತ್ತು ಎಲ್ಲುಂಟು ಮಾರಾಯ? ನಾನೂ ಪೇಪರಿನವನೇ ಆಗಿದ್ದೆ, ಗೊತ್ತುಂಟಾ? ಕುಂದಾಪುರದಲ್ಲಿ ಎಂಟು ವರ್ಷ. ಸುದ್ದಿ ಬರೆದು, ಕವರಿಗೆ ಹಾಕಿ, ಮಂಗಳೂರಿನ ಐದೂವರೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು. ಬಸ್ಸು ತಪ್ಪಿದರೆ ಸುದ್ದಿ ಸತ್ತ ಹಾಗೆ.” ಸೌದಿಗೆ ಬಂದ ಮೇಲೆ ಯಾರಿಗೂ ಹೇಳದ ಮಾತು ಧಾರಾವಾಹಿಯ ಹುರುಪಿನಲ್ಲಿ ಹೊರಬಿದ್ದಿತ್ತು. “ಎಪ್ಪತ್ತಮೂರರಲ್ಲಿ ಶಿರೂರಿನ ಹತ್ತಿರ ಕಳ್ಳ ವಾಚು ತುಂಬಿದ ಲಾಂಚು ಹಿಡಿದರು ನೋಡು. ಸಿಕ್ಕಿಬಿದ್ದವನ ಹೆಸರು ಯಾವ ಪೇಪರಿಗೂ ಸಿಗಲಿಲ್ಲ. ನನಗೆ ಸಿಕ್ಕಿತು. ಮುಖಪುಟ! ನಿಮ್ಮ ಭಟ್ಕಳದವನೇ.”

ಮುನವ್ವರ್ ಎದ್ದು ಟಿ.ವಿ.ಯ ಸದ್ದು ಪೂರ್ತಿ ಇಳಿಸಿದ. “ಎಂತ ಹೆಸರು?”

“ಗುಲಾಮ್ ಮುಹಮ್ಮದ್. ಜವಳಿ ವ್ಯಾಪಾರಿ.”

ಮುನವ್ವರ್ ನಿಂತಲ್ಲೇ ನಿಂತ. “ಪೊಲೀಸರು ಹಿಡಿದದ್ದು ಲಾಂಚಿನ ಗುಲಾಮ್ ಮುಹಮ್ಮದನನ್ನು,” ಎಂದ. “ಜವಳಿ ಅಂಗಡಿಯ ಗುಲಾಮ್ ಮುಹಮ್ಮದ್ ಬೇರೆ, ಅವರು ನಮ್ಮ ಅಬ್ಬಾ.”

ಅಲಿಯಬ್ಬರಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಸುಲೈಮಾನಿ ಚಹಾ ತುಳುಕಿ ತೊಡೆ ಸುಟ್ಟರೂ ಅವರು ಅಲುಗಲಿಲ್ಲ. ಹನ್ನೆರಡು ವರ್ಷ ಆ ಸುದ್ದಿಯನ್ನು ಮನಸ್ಸಿನಲ್ಲಿ ಎಷ್ಟು ಸಲ ಓದಿ ಹಿಗ್ಗಿದ್ದರು!

“ಪೇದೆ ಬರೀ ಹೆಸರು ಹೇಳಿದ,” ಎಂದರು ಕೊನೆಗೆ. “ನಿಮ್ಮ ಪೇಟೆಯಲ್ಲಿ ಆ ಹೆಸರಿನ ಬೋರ್ಡು ನೋಡಿದ ನೆನಪಿತ್ತು. ಜವಳಿ ವ್ಯಾಪಾರಿ ಅಂತ ನಾನೇ ಸೇರಿಸಿದೆ. ಐದೂಕಾಲಾಗಿತ್ತು...”

“ನಜ್ಮುನ್ನಿಸಾ ಅಕ್ಕನ ನಿಶ್ಚಯ ಮುರಿಯಿತು. ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಅಬ್ಬಾ ಮಸೀದಿಗೆ ಹೋಗುವುದನ್ನೂ ಬಿಟ್ಟರು, ಮನೆಯಲ್ಲೇ ನಮಾಝು. ಆರನೇ ತಿಂಗಳಿಗೆ ತೀರಿಕೊಂಡರು.” ಯಾರದೋ ವಿಷಯ ಹೇಳುವವನಂತೆ ಮುನವ್ವರ್ ಹೇಳಿದ.

ಪರದೆಯ ಮೇಲೆ ಪತ್ರಿಕೆಯ ಕಟ್ಟುಗಳು ಸದ್ದಿಲ್ಲದೆ ಲಾರಿಯಿಂದ ಬೀಳುತ್ತಿದ್ದವು. ಅಲಿಯಬ್ಬ ಗೋಡೆ ಹಿಡಿದು ಎದ್ದರು. “ಹೊಡಿ ನನಗೆ,” ಎಂದರು. “ಇಲ್ಲ, ನಾನು ಕೋಣೆ ಬಿಟ್ಟು ಹೋಗುತ್ತೇನೆ. ಎಂತಾದರೂ ಹೇಳು ಮುನವ್ವರ್. ನಿನ್ನ ಮನೆ ಹಾಳು ಮಾಡಿದವ ನಾನು.”

ಮುನವ್ವರ್ ಕೈ ಎತ್ತಲಿಲ್ಲ. ಮಂಚದ ಅಂಚಿನಲ್ಲಿ ಕುಸಿದು ಕೂತು, ತನ್ನ ಅಂಗೈಗಳನ್ನೇ ನೋಡುತ್ತಿದ್ದ.

“ಅಬ್ಬಾಗೆ ಉರ್ದು ಬರುತ್ತಿತ್ತು ಭಾಯ್, ಕನ್ನಡ ಓದಲು ಬರುತ್ತಿರಲಿಲ್ಲ. ಪೇಪರಿನಲ್ಲಿ ಎಂತ ಉಂಟು ಓದು ಅಂತ ನನ್ನ ಕೈಗೇ ಕೊಟ್ಟರು. ನನಗಾಗ ಹದಿಮೂರು ವರ್ಷ. ಇಡೀ ಸುದ್ದಿ ಗಟ್ಟಿಯಾಗಿ ಓದಿದೆ. ಓದಿ ಮುಗಿಸಿ, ‘ಇದೆಲ್ಲ ಯಾಕೆ ಮಾಡಿದಿರಿ ಅಬ್ಬಾ?’ ಅಂತ ಕೇಳಿದೆ.”