ಕೆರೆಯಾಚೆಗೆ ಬೀದಿದೀಪ

ಊರು ಕೆರೆಯಾಚೆಗೂ ಬೆಳೆಯಬೇಕೇ ಬೇಡವೇ ಎಂದು ಕೇಳಲು ನಗರಸಭೆಯವರು ಜನರನ್ನು ಕರೆದಿದ್ದರು. ಇರುವ ಮನೆಗಳಿಗೇ ನೀರಿಲ್ಲ, ಬೆಳೆಯುವುದು ಬೇಡವೇ ಬೇಡ ಎಂದು ಎಲ್ಲರೂ ಕೂಗಾಡಿದರು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಮಾತ್ರ ಎದ್ದಳು.

“ಬೆಳೀಲಿ ಸಾರ್.”

“ಯಾಕಮ್ಮಾ, ಆ ಕಡೆ ಸೈಟ್ ತಗೊಂಡಿದ್ದೀರಾ?” ಅಧ್ಯಕ್ಷರು ಕೇಳಿದರು. ಎಲ್ಲರೂ ನಕ್ಕರು.

“ಇಲ್ಲ ಸಾರ್. ನನ್ನ ಮಗಳು ಅಲ್ಲಿದಾಳೆ. ಅವಳಿಗೆ ಕತ್ತಲೆ ಅಂದ್ರೆ ಭಯ. ಊರು ಬೆಳೆದ್ರೆ ಬೀದಿದೀಪ ಅಲ್ಲೀವರೆಗೂ ಬರುತ್ತಲ್ಲ.”

“ಒಂದು ಮಗುಗೋಸ್ಕರ ಊರು ಬೆಳೆಸೋಕಾಗುತ್ತಾ? ಮನೇಲಿ ನಿಮ್ಮ ಪಕ್ಕದಲ್ಲೇ ಮಲಗಿಸ್ಕೊಳ್ಳಿ.”

ನಗು ಇನ್ನೂ ಜೋರಾಯಿತು. ಅದು ನಿಲ್ಲುವವರೆಗೆ ಅವಳು ಕಾದಳು.

“ನಮ್ಮ ಹಿತ್ತಲಲ್ಲೇ ಇರ್ಲಿ ಅಂತ ಕಾಲು ಹಿಡಿದೆ ಸಾರ್. ಸಣ್ಣ ಮಕ್ಕಳನ್ನ ಊರಾಚೆನೇ ಹೂಳಬೇಕು ಅಂದ್ರು.”